ಬೆಂಗಳೂರಿನ ಸಾರಿಗೆ ಯೋಜನೆಗಳು ರಸ್ತೆಗೆ ಇಳಿಯದಿರುವುದೇಕೆ, ಬಡಾವಣೆಯವರು ಏನು ಮಾಡಬಹುದು?

ಬಸ್ ಪಥ, ಮೆಟ್ರೊ ಸುತ್ತ ದಟ್ಟ ಕಟ್ಟಡ, ನಡೆಯಬಹುದಾದ ಫುಟ್‌ಪಾತ್ ಇವೆಲ್ಲ ಕಾಗದದಲ್ಲೇ ಉಳಿಯುವುದೇಕೆ, ಬಡಾವಣೆ ಸಂಘ ಏನು ಮಾಡಬಹುದು ಅಂತ ಕೇಳಿದ್ದೀರಿ.

ದುಡ್ಡಿಲ್ಲ ಅನ್ನುವ ಉತ್ತರವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದೇ ರಸ್ತೆಯಲ್ಲಿ ಪಾಲಿಕೆ, ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೊ ನಿಗಮ, ಸಂಚಾರ ಪೊಲೀಸರು ಎಲ್ಲರಿಗೂ ಕೆಲಸವಿದೆ. ಯಾರು ಮೊದಲು, ಯಾರು ಆಮೇಲೆ, ಮುಗಿದ ಮೇಲೆ ನೋಡಿಕೊಳ್ಳುವವರು ಯಾರು ಅನ್ನುವುದು ಎಲ್ಲೂ ಬರೆದಿರುವುದಿಲ್ಲ. ಈ ಸಮನ್ವಯಕ್ಕೆಂದೇ 2022ರ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಕಾಯ್ದೆ ಬಂದಿದೆ. ಆದರೆ ನಿಮ್ಮ ರಸ್ತೆಯ ಎಸ್ಟಿಮೇಟ್, ಅಂದರೆ ಕೆಲಸ ಮತ್ತು ಖರ್ಚಿನ ಅಂದಾಜು ಪಟ್ಟಿ, ಬರೆಯುವುದು ಪಾಲಿಕೆಯ ಎಂಜಿನಿಯರ್. ಹಿಡಿಯಬೇಕಾದ್ದು ಆ ಎಸ್ಟಿಮೇಟನ್ನೇ.

ಇಡೀ ವಾರ್ಡ್ ಬೇಡ. ಮೆಟ್ರೊ ನಿಲ್ದಾಣ ಅಥವಾ ದೊಡ್ಡ ಬಸ್ ಸ್ಟಾಪಿನಿಂದ 500 ಮೀಟರ್ ಒಳಗಿನ ಒಂದು ರಸ್ತೆ ಸಾಕು. ಟೆಂಡರ್ ಕರೆಯುವ ಮೊದಲೇ ಕೆಲಸದ ಕ್ರಮ ಕೇಳಿ: ಮೊದಲು ಒಳಚರಂಡಿ ಮತ್ತು ನೀರಿನ ಕೊಳವೆ, ಆಮೇಲೆ ಮಳೆನೀರಿನ ಚರಂಡಿ, ನಂತರ ವಿದ್ಯುತ್ ಕೇಬಲ್ ಹಾಗೂ ಓಎಫ್‌ಸಿಗೆ (ಇಂಟರ್ನೆಟ್ಟಿನ ಆಪ್ಟಿಕಲ್ ಫೈಬರ್ ಕೇಬಲ್) ಖಾಲಿ ಡಕ್ಟ್, ಅಂದರೆ ಕೇಬಲ್ ತೂರಿಸುವ ಕೊಳವೆ, ಕೊನೆಗೆ ಕರ್ಬ್ (ಫುಟ್‌ಪಾತಿನ ಅಂಚುಗಲ್ಲು) ಮತ್ತು ಕಲ್ಲುಹಾಸು. ಡಕ್ಟ್ ಬಿಟ್ಟುಹೋದರೆ ಹೊಸ ಕಲ್ಲುಹಾಸನ್ನು ಕೇಬಲಿನವರು ಮತ್ತೆ ಅಗೆಯುತ್ತಾರೆ. ರೆಸಿಡೆನ್ಸಿ ರಸ್ತೆಯಂಥ ಟೆಂಡರ್‌ಶ್ಯೂರ್ (ನಗರದ ರಸ್ತೆ ಮರುವಿನ್ಯಾಸ ಯೋಜನೆ) ರಸ್ತೆಗಳು ಉಳಿದವುಗಳಿಗಿಂತ ಚೆನ್ನಾಗಿರುವುದು ಕೇಬಲ್, ಕೊಳವೆಗಳನ್ನು ಫುಟ್‌ಪಾತಿನ ಕೆಳಗೆ ತಂದಿದ್ದರಿಂದ.

ಹೆಚ್ಚು ಎಡವಟ್ಟಾಗುವುದು ಫುಟ್‌ಪಾತಿನ ಮೇಲಿರುವ ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ. ಅದನ್ನು ಸ್ಥಳಾಂತರಿಸುವ ಖರ್ಚು ಎಸ್ಟಿಮೇಟಿನಲ್ಲಿ ಇಲ್ಲದಿದ್ದರೆ ಗುತ್ತಿಗೆದಾರ ಅದರ ಸುತ್ತ ಕಲ್ಲು ಹಾಕಿ ಬಿಲ್ ಮಾಡಿಕೊಳ್ಳುತ್ತಾನೆ, ನಡೆಯುವವರು ರಸ್ತೆಗಿಳಿಯುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದಂತೆ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಕರ್ಬ್ ಎತ್ತರ 150 ಮಿ.ಮೀ. ಮೀರಬಾರದು. ಟೇಪ್ ಹಿಡಿದು ಕಂಬದಿಂದ ಕಾಂಪೌಂಡಿಗೆ ಅಳೆಯಿರಿ, ಕರ್ಬಿನಿಂದಲ್ಲ. ಮನೆ ಗೇಟುಗಳ ಎದುರು ಫುಟ್‌ಪಾತ್ ಇಳಿಸಲು ಬಿಡಬೇಡಿ. ಕರ್ಬಿನ ಅಂಚಿನಲ್ಲಿ ಚಿಕ್ಕ ಇಳಿಜಾರು ಕೊಟ್ಟರೆ ಕಾರು ಹತ್ತುತ್ತದೆ, ಅಜ್ಜಿಗೂ ಗಾಲಿಕುರ್ಚಿಗೂ ನೆಲ ಸಮವಾಗಿರುತ್ತದೆ.

ಬಸ್ ಪಥಕ್ಕೆ ಬೇರೆಯೇ ತೊಡಕು. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೇ ಒಂದು ಪಥ ಮೀಸಲಾಯಿತು. ಎಡ ಅಂಚಿನ ಪಥವಾದ್ದರಿಂದ ಅಡ್ಡರಸ್ತೆಗೆ ತಿರುಗುವ ಪ್ರತಿ ವಾಹನವೂ ಅದನ್ನು ದಾಟಲೇಬೇಕು, ಬೈಕುಗಳು ನುಗ್ಗಲು ಅಷ್ಟು ಸಾಕು. ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಆ ಪಥ ಉಳಿಯಲಿಲ್ಲ. ಆದ್ದರಿಂದ ನೀವು ಕೇಳುವಾಗ ಬೊಲಾರ್ಡ್ (ಪಥ ಬೇರ್ಪಡಿಸುವ ಗಿಡ್ಡ ಕಂಬ) ಜೊತೆಗೆ ವಾಹನಗಳನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಅಡಿ ಅಧಿಸೂಚನೆ, ದಂಡ ಹಾಕಲು ಕ್ಯಾಮೆರಾ, ಕಾಮಗಾರಿ ಬಂದರೆ ಬಸ್ಸಿಗೆ ಬದಲಿ ಜಾಗ ಎಲ್ಲಿ ಅನ್ನುವ ನಕ್ಷೆ, ಮೂರನ್ನೂ ಕೇಳಿ.

ಭೂಬಳಕೆಯ ಸ್ಥಿತಿ ಇನ್ನೂ ಬೇಸರದ್ದು. 2031ರವರೆಗಿನ ನಗರದ ಕರಡು ಮಾಸ್ಟರ್ ಪ್ಲಾನ್ ವಾಪಸಾಗಿ, 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಮಾಸ್ಟರ್ ಪ್ಲಾನೇ ಗತಿಯಾಯಿತು. ನಿಲ್ದಾಣದ ಪಕ್ಕ ಹೆಚ್ಚು ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದೆನ್ನುವ ಮಿತಿ) ಕೊಟ್ಟು, ಪಾರ್ಕಿಂಗ್ ಕಡ್ಡಾಯವನ್ನು ಹಾಗೇ ಬಿಟ್ಟರೆ ಉದ್ದೇಶವೇ ಕೆಡುತ್ತದೆ: ರ‍್ಯಾಂಪ್, ಓಡಾಟದ ಜಾಗ ಸೇರಿ ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಸುಮಾರು 32 ಚದರ ಮೀಟರ್ ಬೇಕು. ಆ ಖರ್ಚು ಬಾಡಿಗೆಗೆ ಸೇರುತ್ತದೆ, ಮೆಟ್ರೊ ಹತ್ತಬೇಕಾದವರು ದೂರದ ಬಡಾವಣೆಗೆ ಹೋಗುತ್ತಾರೆ. ಹೊಸ ಕರಡು ಬಂದಾಗ ಆಕ್ಷೇಪಣೆ ಬರೆಯುವುದಿದ್ದರೆ ನಿಲ್ದಾಣದ ಸುತ್ತ ಕನಿಷ್ಠ ಪಾರ್ಕಿಂಗ್ ಬದಲು ಗರಿಷ್ಠ ಮಿತಿ ಇಡಿ ಅಂತ ವಲಯ ನಿಯಮದ ಕಲಂ ಸಂಖ್ಯೆ ಹಾಕಿ ಬರೆಯಿರಿ. ಬರೀ ‘ಟ್ರಾಫಿಕ್ ಜಾಸ್ತಿ’ ಅಂದರೆ ಯಾವ ನಿಯಮವನ್ನು ತಿದ್ದಬೇಕೆಂದು ಕರಡು ಬರೆಯುವವರಿಗೂ ತಿಳಿಯುವುದಿಲ್ಲ.