ಸ್ಪ್ರಿಂಟ್ ಮುಗಿದರೂ ಸ್ಟೋರಿ ಮುಗಿದಿಲ್ಲ: ಮಾಡಿದಷ್ಟಕ್ಕೆ ಪಾಯಿಂಟ್ ಕೊಡಬಹುದೇ?

ಸ್ಪ್ರಿಂಟ್ (ತಂಡ ಕೆಲಸಕ್ಕೆ ಗೊತ್ತುಮಾಡಿಕೊಂಡ ಅವಧಿ, ನಿಮ್ಮಲ್ಲಿ ಎರಡು ವಾರ) ಈ ಶುಕ್ರವಾರ ಮುಗಿಯುತ್ತಿದೆ, ಸ್ಟೋರಿಯೊಂದು (ಬಳಕೆದಾರರಿಗಾಗಿ ಮಾಡುವ ಒಂದು ಸಣ್ಣ ಕೆಲಸ) ಅರ್ಧಕ್ಕೆ ನಿಂತಿದೆ, ಅದರ ಪಾಯಿಂಟ್‌ಗಳಲ್ಲಿ (ಕೆಲಸದ ಗಾತ್ರದ ಅಂದಾಜು) ಮಾಡಿದಷ್ಟನ್ನು ಈಗಲೇ ಕೊಡಬಹುದೇ ಎಂದು ಬರೆದು ಕೇಳಿದ್ದೀರಿ; ಸ್ಟೋರಿಯನ್ನು ಒಡೆಯುವ, ಸ್ಪ್ರಿಂಟನ್ನೇ ಎರಡು ದಿನ ಎಳೆಯುವ ಮಾತೂ ನಿಮ್ಮ ಪತ್ರದಲ್ಲಿದೆ. ಪಾಯಿಂಟ್ ಕೊಡಬೇಡಿ. ಎಂಟು ಪಾಯಿಂಟ್‌ನ ಸ್ಟೋರಿಗೆ ಕೋಡ್ ಬರೆದಾಗಿದೆ, ಟೆಸ್ಟಿಂಗ್ ಮಾತ್ರ ಬಾಕಿ, ಹಾಗಾಗಿ ಐದು ಪಾಯಿಂಟ್ ಈ ಸ್ಪ್ರಿಂಟ್‌ಗೆ, ಮೂರು ಮುಂದಿನದಕ್ಕೆ ಎಂದು ನಿಮ್ಮ ಮ್ಯಾನೇಜರ್ ಹೇಳುವುದು ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ದುಡಿದವರ ಶ್ರಮ ಲೆಕ್ಕಕ್ಕೆ ಸಿಗಲಿ ಎಂಬ ಕಾಳಜಿಯೂ ಅದರಲ್ಲಿರಬಹುದು. ಆದರೆ ಆ ಐದು ಪಾಯಿಂಟ್‌ಗಳಿಂದ ಬಳಕೆದಾರರ ಕೈಗೆ ಬಂದದ್ದೇನೂ ಇಲ್ಲ. ಉಳಿದ ಮೂರು ನಿಜಕ್ಕೂ ಮೂರೇ ಎಂದು ಹೇಳಬಲ್ಲವರೂ ಯಾರಿಲ್ಲ. ಸಾಫ್ಟ್‌ವೇರ್‌ನಲ್ಲಿ ಕಷ್ಟದ ಭಾಗ ಅಡಗಿರುವುದೇ ಆ ಕೊನೆಯ ತುಂಡಿನಲ್ಲಿ.

ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ಈ ವಿಷಯದಲ್ಲಿ ಖಚಿತವಾಗಿದೆ: ‘ಡೆಫಿನಿಷನ್ ಆಫ್ ಡನ್’ (ಕೆಲಸ ಮುಗಿದಿದೆ ಎನ್ನಲು ಇರಬೇಕಾದ ಗುಣಮಟ್ಟ) ಪೂರೈಸದ ಕೆಲಸವನ್ನು ಬಿಡುಗಡೆ ಮಾಡುವಂತಿಲ್ಲ, ಸ್ಪ್ರಿಂಟ್ ರಿವ್ಯೂನಲ್ಲಿ ತೋರಿಸುವಂತೆಯೂ ಇಲ್ಲ, ಅದು ಪ್ರಾಡಕ್ಟ್ ಬ್ಯಾಕ್‌ಲಾಗ್‌ಗೆ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಗೆ) ಹಿಂತಿರುಗಬೇಕು. ಇನ್ನೊಂದು ವಿಷಯ ನಿಮ್ಮ ಮ್ಯಾನೇಜರ್‌ಗೆ ಅಚ್ಚರಿಯಾಗಬಹುದು. ಸ್ಟೋರಿ ಪಾಯಿಂಟ್, ವೆಲಾಸಿಟಿ (ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಒಟ್ಟು ಪಾಯಿಂಟ್) ಎಂಬ ಪದಗಳೇ ಆ ಗೈಡ್‌ನಲ್ಲಿ ಇಲ್ಲ. ನಾವು ಜಗಳವಾಡುತ್ತಿರುವುದು ನಾವೇ ಹೊರಗಿನಿಂದ ತಂದು ಅಂಟಿಸಿಕೊಂಡ ಅಳತೆಯ ಮೇಲೆ.

ಸ್ಟೋರಿ ಪೂರ್ತಿ ಮುಗಿದ ಸ್ಪ್ರಿಂಟ್‌ನಲ್ಲೇ ಪೂರ್ತಿ ಎಂಟು ಪಾಯಿಂಟ್ ಬರೆದುಕೊಳ್ಳಿ. ಈ ಸ್ಪ್ರಿಂಟ್‌ನಲ್ಲಿ 22, ಮುಂದಿನದರಲ್ಲಿ 34 ಎಂದು ಗ್ರಾಫ್ ಕುಣಿದರೆ ಕುಣಿಯಲಿ, ಸರಾಸರಿ 28. ಯೋಜನೆಗೆ ಬೇಕಾಗಿರುವುದು ಆ ಸರಾಸರಿಯೇ. ಉಳಿದ ಸ್ಟೋರಿಯ ಪಾಯಿಂಟನ್ನು ಎಂಟರಿಂದ ಮೂರಕ್ಕೆ ಇಳಿಸುವ ಅಭ್ಯಾಸವೂ ಕೆಲವು ತಂಡಗಳಲ್ಲಿದೆ. ನನಗೆ ಅದು ಇಷ್ಟವಿಲ್ಲ, ಏಕೆಂದರೆ ಮಧ್ಯದ ಐದು ಯಾವ ಲೆಕ್ಕಕ್ಕೂ ಸೇರದೆ ಮಾಯವಾಗುತ್ತದೆ. ಮುಂದಿನ ಪ್ಲ್ಯಾನಿಂಗ್‌ನಲ್ಲಿ ಎಷ್ಟು ಜಾಗ ಬಿಡಬೇಕೆಂಬುದನ್ನು ‘ಇದಕ್ಕೆ ಇನ್ನೆಷ್ಟು ದಿನ ಬೇಕು?’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಸಾಕು, ಸ್ಟೋರಿಯ ಪಾಯಿಂಟ್ ತಿದ್ದಬೇಕಿಲ್ಲ.

ಪಾಯಿಂಟ್‌ಗಿಂತ ಮುಖ್ಯವಾದದ್ದು ಆ ಸ್ಟೋರಿ ಎಲ್ಲಿಗೆ ಹೋಗುತ್ತದೆ ಎಂಬುದು. ಕೆಲಸಗಳ ಲೆಕ್ಕ ಇಡುವ ತಂತ್ರಾಂಶವಾದ ಜಿರಾದಲ್ಲಿ ಸ್ಪ್ರಿಂಟ್ ಮುಚ್ಚುವಾಗ ಉಳಿದವುಗಳನ್ನು ಬ್ಯಾಕ್‌ಲಾಗ್‌ಗೆ ಕಳುಹಿಸಬೇಕೇ, ಮುಂದಿನ ಸ್ಪ್ರಿಂಟ್‌ಗೇ ಎಂದು ಕೇಳುತ್ತದೆ. ಬಹುತೇಕ ತಂಡಗಳು ಯೋಚಿಸದೆ ಎರಡನೆಯದನ್ನು ಒತ್ತುತ್ತವೆ. ಹಾಗೆ ಒತ್ತಿದಾಗ, ಇದು ಈಗಲೂ ಬೇಕೇ ಎಂದು ಕೇಳುವ ಅವಕಾಶ ಕೈತಪ್ಪುತ್ತದೆ. ಎರಡು ವಾರಗಳಲ್ಲಿ ಆದ್ಯತೆ ಬದಲಾಗಿರಬಹುದು. ಅದಕ್ಕಿಂತ ತುರ್ತಾದ ದೋಷವೊಂದು ಬಂದಿರಬಹುದು. ಮುಕ್ಕಾಲು ಆಗಿದೆ ಎಂಬ ಒಂದೇ ಕಾರಣಕ್ಕೆ ಮುಂದುವರಿಸುವುದು ಈಗಾಗಲೇ ಖರ್ಚಾದ ದಿನಗಳ ಮೇಲಿನ ಮೋಹ. ಅದನ್ನು ಬ್ಯಾಕ್‌ಲಾಗ್‌ಗೆ ಹಾಕಿ, ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಪ್ರಾಡಕ್ಟ್ ಓನರ್ ಮುಂದಿಟ್ಟು, ಎಷ್ಟು ಆಗಿದೆ, ಏನು ಉಳಿದಿದೆ, ಏಕೆ ಉಳಿಯಿತು ಎಂದು ಹೇಳಿ. ಹತ್ತರಲ್ಲಿ ಎಂಟು ಸಲ ಅವರು ಅದನ್ನೇ ಮೇಲಕ್ಕೆ ಇಡುತ್ತಾರೆ. ಉಳಿದ ಎರಡು ಸಲಕ್ಕಾಗಿಯೇ ಆ ಐದು ನಿಮಿಷದ ಮಾತು.

ಸ್ಟೋರಿಯನ್ನು ಒಡೆದು ಎರಡು ಮಾಡಬಹುದೇ ಎಂದೂ ಕೇಳಿದ್ದೀರಿ. ಒಡೆಯಬಹುದು, ಎಲ್ಲಿ ಒಡೆಯುತ್ತೀರಿ ಎಂಬುದನ್ನು ನೋಡಿಕೊಂಡು. ಬಿಲ್ ಪಾವತಿಯ ಪುಟವೊಂದರಲ್ಲಿ ಯುಪಿಐ ಮೂಲಕ ಹಣ ಕಟ್ಟುವುದು ಪೂರ್ತಿಯಾಗಿ, ಟೆಸ್ಟ್ ಆಗಿ, ಬಿಡುಗಡೆಗೆ ಸಿದ್ಧವಿದ್ದು, ಕಾರ್ಡ್ ಮೂಲಕ ಕಟ್ಟುವ ದಾರಿ ಮಾತ್ರ ಉಳಿದಿದ್ದರೆ, ಪ್ರಾಡಕ್ಟ್ ಓನರ್ ಒಪ್ಪಿಗೆಯೊಂದಿಗೆ ಯುಪಿಐ ಭಾಗವನ್ನು ಬೇರೆ ಸ್ಟೋರಿ ಮಾಡಿ ಮುಗಿಸಿ; ಅದರಲ್ಲಿ ಮೋಸವಿಲ್ಲ. ‘ಬ್ಯಾಕೆಂಡ್ ಆಗಿದೆ, ಫ್ರಂಟೆಂಡ್ ಉಳಿದಿದೆ’ (ತೆರೆಯ ಹಿಂದಿನ ಭಾಗ ಆಗಿದೆ, ಬಳಕೆದಾರರು ನೋಡುವ ಭಾಗ ಉಳಿದಿದೆ) ಎಂದು ಒಡೆದರೆ ಅದು ಅರ್ಧ ಪಾಯಿಂಟ್ ಕೊಡುವ ಹಳೆಯ ಆಟವೇ, ವೇಷ ಮಾತ್ರ ಬೇರೆ. ಸ್ಪ್ರಿಂಟನ್ನು ಎರಡು ದಿನ ಎಳೆಯುವ ಸಲಹೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಮ್ಮೆ ಎಳೆದರೆ ಮುಂದಿನ ಸಲ ಎಲ್ಲರೂ ಆ ಎರಡು ದಿನವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಕೋಡ್ ವಿಷಯ: ಅರ್ಧವಾದದ್ದನ್ನು ಪ್ರತ್ಯೇಕ ಬ್ರ್ಯಾಂಚ್‌ನಲ್ಲಿ (ಕೋಡ್‌ನ ಬೇರೆ ಪ್ರತಿಯಲ್ಲಿ) ವಾರಗಟ್ಟಲೆ ಕೊಳೆಯಲು ಬಿಡಬೇಡಿ. ಇದ್ದದ್ದನ್ನು ಕೆಡಿಸದಿದ್ದರೆ ಫೀಚರ್ ಫ್ಲ್ಯಾಗ್ (ಬೇಕಾದಾಗ ಮಾತ್ರ ಆನ್ ಮಾಡುವ ಸ್ವಿಚ್) ಹಿಂದೆ ಮುಚ್ಚಿಟ್ಟು ಮುಖ್ಯ ಬ್ರ್ಯಾಂಚ್‌ಗೆ ಸೇರಿಸಿ. ಸ್ಟೋರಿಯನ್ನೇ ಕೈಬಿಟ್ಟರೆ ಆ ಫ್ಲ್ಯಾಗನ್ನೂ ಅದರ ಹಿಂದಿನ ಕೋಡನ್ನೂ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಗೊತ್ತು.

ಇಷ್ಟು ಈ ಶುಕ್ರವಾರದ ಮಟ್ಟಿಗೆ. ನನಗೆ ಹೆಚ್ಚು ಚಿಂತೆಯೆನಿಸಿದ್ದು ನೀವು ನಡುವೆ ಹಾಗೇ ಬರೆದುಬಿಟ್ಟ ಒಂದು ಸಾಲು: ಐವರು ಡೆವಲಪರ್‌ಗಳು, ಒಬ್ಬರೇ ಟೆಸ್ಟರ್, ಪ್ರತಿ ಸಲವೂ ಮೂರು ನಾಲ್ಕು ಸ್ಟೋರಿಗಳು ಉಳಿಯುತ್ತವೆ. ಒಮ್ಮೊಮ್ಮೆ ಉಳಿಯುವುದು ಸಹಜ. ಪ್ರತಿ ಸಲ ಅಷ್ಟಷ್ಟೇ ಉಳಿಯುತ್ತಿದ್ದರೆ ಕಾರಣ ಅಂದಾಜಿನ ತಪ್ಪಲ್ಲ, ಕೆಲಸ ಹರಿಯುವ ದಾರಿಯಲ್ಲಿದೆ. ನಾನು ಬೆಂಗಳೂರಿನಲ್ಲಿ ಸ್ಕ್ರಮ್ ಮಾಸ್ಟರ್ (ತಂಡ ಈ ಪದ್ಧತಿಯಂತೆ ನಡೆಯಲು ನೆರವಾಗುವ ಹುದ್ದೆ) ಆಗಿ ಕಂಡ ತಂಡಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲ ದಿನವೇ ಪ್ರತಿಯೊಬ್ಬರೂ ಒಂದೊಂದು ಸ್ಟೋರಿ ಎತ್ತಿಕೊಳ್ಳುತ್ತಾರೆ. ಕೋಡ್ ಬರೆದು ಸಹೋದ್ಯೋಗಿಗಳ ರಿವ್ಯೂಗೆ ಹಾಕಿ, ರಿವ್ಯೂ ಆಗುವವರೆಗೆ ಸುಮ್ಮನಿರುವುದೇಕೆಂದು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಸ್ಪ್ರಿಂಟ್‌ನ ಹತ್ತು ಕೆಲಸದ ದಿನಗಳಲ್ಲಿ ಎಂಟನೆಯ ದಿನಕ್ಕೆ ಎಲ್ಲವೂ ಒಟ್ಟಿಗೆ ಟೆಸ್ಟರ್ ಮೇಜಿಗೆ ಬಂದು ಬೀಳುತ್ತವೆ. ಪಂಕ್ತಿಯ ಎಲ್ಲ ಎಲೆಗೂ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿಯಾಯಿತು, ಅನ್ನದ ಪಾತ್ರೆ ಹಿಡಿದವನು ಒಬ್ಬನೇ. ಕೊನೆಗೆ ‘ಟೆಸ್ಟಿಂಗ್ ತಡವಾಯಿತು’ ಎಂಬ ಅಪವಾದ ಬರುವುದು ಆ ಒಬ್ಬರ ಮೇಲೆ.

ಇದಕ್ಕೊಂದು ಸರಳ ಗಣಿತವಿದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಅದು: ತೆರೆದಿರುವ (ಶುರುವಾಗಿ ಇನ್ನೂ ಮುಗಿಯದ) ಕೆಲಸಗಳ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ವಾರಕ್ಕೆ ನಾಲ್ಕು ಸ್ಟೋರಿ ಮುಗಿಸುವ ತಂಡ ಯಾವಾಗಲೂ ಎಂಟನ್ನು ತೆರೆದಿಟ್ಟುಕೊಂಡರೆ ಒಂದೊಂದಕ್ಕೂ ಸರಾಸರಿ ಎರಡು ವಾರ, ಅಂದರೆ ನಿಮ್ಮ ಇಡೀ ಸ್ಪ್ರಿಂಟ್. ಸರಾಸರಿಯೇ ಎರಡು ವಾರವೆಂದ ಮೇಲೆ ಕೆಲವು ಗೆರೆ ದಾಟಲೇಬೇಕು. ಅದೇ ವೇಗದಲ್ಲಿ ನಾಲ್ಕನ್ನು ಮಾತ್ರ ತೆರೆದಿಟ್ಟರೆ ಒಂದು ವಾರ. ಯಾರೂ ಹೆಚ್ಚು ಹೊತ್ತು ಕೂರಬೇಕಿಲ್ಲ.

ಆದ್ದರಿಂದ ಮುಂದಿನ ಸ್ಪ್ರಿಂಟ್‌ನಲ್ಲಿ ಒಂದೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಒಂದು ಹೊತ್ತಿಗೆ ತೆರೆದಿರುವ ಸ್ಟೋರಿ ನಾಲ್ಕನ್ನು ಮೀರಬಾರದು. ಕೈ ಖಾಲಿಯಾದವರು ಹೊಸದನ್ನು ಎತ್ತುವ ಮೊದಲು ಬೇರೆಯವರ ರಿವ್ಯೂ ಮಾಡಲಿ, ಟೆಸ್ಟರ್ ಜೊತೆ ಕುಳಿತು ಟೆಸ್ಟ್ ಮಾಡಲಿ. ‘ನಾನು ಡೆವಲಪರ್, ಟೆಸ್ಟಿಂಗ್ ನನ್ನ ಕೆಲಸವಲ್ಲ’ ಎನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರೊಂದಿಗೆ ವಾದಿಸುವ ಬದಲು ಯಾವ ಸ್ಟೋರಿ ಯಾವ ಹಂತದ ಕಾಲಂನಲ್ಲಿ ಎಷ್ಟು ದಿನ ಸುಮ್ಮನೆ ಬಿದ್ದಿತ್ತು ಎಂಬುದನ್ನು ರೆಟ್ರೋನಲ್ಲಿ (ಸ್ಪ್ರಿಂಟ್ ಕೊನೆಯ ಅವಲೋಕನ ಸಭೆಯಲ್ಲಿ) ಬೋರ್ಡ್ ಮೇಲೆ ಬರೆದು ತೋರಿಸಿ. ಏಳನೆಯ ದಿನದ ಸ್ಟ್ಯಾಂಡ್‌ಅಪ್‌ನಲ್ಲೇ (ದಿನನಿತ್ಯದ ಕಿರುಸಭೆಯಲ್ಲೇ) ಯಾವುದು ಮುಗಿಯುವುದಿಲ್ಲ ಎಂದು ಕೇಳಿಕೊಂಡು ಪ್ರಾಡಕ್ಟ್ ಓನರ್ ಬಳಿ ಹೋಗಿ. ವ್ಯಾಪ್ತಿ ಕಡಿಮೆ ಮಾಡಲು ಆಗ ಇನ್ನೂ ಸಮಯವಿರುತ್ತದೆ, ಹತ್ತನೆಯ ದಿನ ಇರುವುದಿಲ್ಲ.

ಉಳಿದದ್ದು ನಿಮ್ಮ ಮ್ಯಾನೇಜರ್. ಅವರಿಗೆ ವಿದೇಶದ ಕ್ಲೈಂಟ್‌ಗೆ ತೋರಿಸಬೇಕಾದ ಸ್ಲೈಡ್‌ನಲ್ಲಿ ‘ಸ್ಪಿಲ್‌ಓವರ್’ (ಸ್ಪ್ರಿಂಟ್‌ನಲ್ಲಿ ಮುಗಿಯದೆ ಉಳಿದ ಕೆಲಸ) ಶೇಕಡಾವಾರು ಇರುತ್ತದೆ. ನಮ್ಮ ಸೇವಾ ಕಂಪನಿಗಳಲ್ಲಿ ಅದು ಅಪ್ರೈಸಲ್‌ವರೆಗೂ ಹಿಂಬಾಲಿಸುವುದುಂಟು. ಮಾಡಿದಷ್ಟಕ್ಕೆ ಪಾಯಿಂಟ್ ಕೊಡಿ ಎಂಬ ಒತ್ತಡ ಹುಟ್ಟುವುದು ಅಲ್ಲಿ. ನೀತಿ ಹೇಳಿ ಅದನ್ನು ಗೆಲ್ಲಲಾಗದು. ಸ್ಕ್ರಮ್ ಗೈಡ್ 2011ರಲ್ಲೇ ಸ್ಪ್ರಿಂಟ್‌ಗೆ ಎತ್ತಿಕೊಂಡ ಪಟ್ಟಿಯನ್ನು ‘ಕಮಿಟ್‌ಮೆಂಟ್’ (ಬದ್ಧತೆ) ಎನ್ನುವುದನ್ನು ಬಿಟ್ಟು ‘ಫೋರ್‌ಕಾಸ್ಟ್’ (ಮುನ್ನಂದಾಜು) ಎಂದಿತು, 2020ರಲ್ಲಿ ಬದ್ಧತೆಯನ್ನು ಸ್ಪ್ರಿಂಟ್ ಗೋಲ್‌ಗೆ (ಆ ಸ್ಪ್ರಿಂಟ್‌ನ ಗುರಿಗೆ) ಜೋಡಿಸಿತು ಎಂಬುದನ್ನು ಅವರಿಗೆ ತೋರಿಸಿ. ಸ್ಲೈಡ್‌ನ ಮೊದಲ ಸಾಲಿನಲ್ಲಿ ಗೋಲ್ ಈಡೇರಿತೇ ಇಲ್ಲವೇ ಎಂದು ಹಾಕಲು ಒಪ್ಪಿಸಿ. ಗೋಲ್ ಈಡೇರಿ, ಅದಕ್ಕೆ ಸಂಬಂಧಿಸದ ಎರಡು ಸ್ಟೋರಿ ಉಳಿದ ಸ್ಪ್ರಿಂಟ್ ಒಳ್ಳೆಯ ಸ್ಪ್ರಿಂಟೇ. ಅದನ್ನು ಕ್ಲೈಂಟ್‌ಗೆ ಹೇಳಲು ಅವರು ಒಪ್ಪದಿದ್ದರೆ, ಮುಂದಿನ ಪ್ಲ್ಯಾನಿಂಗ್‌ನಲ್ಲಿ ಕಳೆದ ಮೂರು ಸ್ಪ್ರಿಂಟ್‌ಗಳಲ್ಲಿ ಅತಿ ಕಡಿಮೆ ಮುಗಿದಷ್ಟನ್ನೇ ಎತ್ತಿಕೊಳ್ಳಿ. ಹೊತ್ತು ಮಿಕ್ಕರೆ ಬ್ಯಾಕ್‌ಲಾಗ್‌ನಿಂದ ಇನ್ನೊಂದನ್ನು ಎಳೆದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ.