ಲಕ್ವ ಹೊಡೆದಾಗ ಮೊದಲು ಸಿ.ಟಿ., ಆಮೇಲೆ ದೊಡ್ಡ ಆಸ್ಪತ್ರೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಲಕ್ವದ ಬಗ್ಗೆ ಉತ್ತರ ಕನ್ನಡದ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಕೆಲವು ಪ್ರಶ್ನೆಗಳಿಗೆ ಈ ಸಲ ನರರೋಗ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿ ನಮ್ಮದು. ಹೋದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಎಂಟರ ಸುಮಾರಿಗೆ ಅಪ್ಪ ಅಡಿಕೆ ಸುಲಿಯುತ್ತ ಕೂತಿದ್ದರು. ಬಲಗೈಯಿಂದ ಅಡಿಕೆ ಜಾರಿ ಬಿತ್ತು, ಮಾತು ತೊದಲಿತು. ಸುಸ್ತಾಗಿರಬೇಕು ಎಂದು ಮಲಗಿಸಿದೆವು. ಹತ್ತು ಗಂಟೆಗೆ ನೋಡಿದರೆ ಕೈಕಾಲು ಎತ್ತಲೇ ಆಗುತ್ತಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ ಬಿ.ಪಿ. ಮಾತ್ರೆ ಕೊಟ್ಟು ಹುಬ್ಬಳ್ಳಿಗೆ ಹೋಗಿ ಅಂದರು. ಕಾರು ಹೊಂದಿಸಿ ಮುಟ್ಟುವಾಗ ಬೆಳಗಿನ ಜಾವ ಮೂರು. ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ ಅಂದರು. ನಮ್ಮ ಜಿಲ್ಲೆಯಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದ್ದಿದ್ದರೆ ಅಪ್ಪ ಇವತ್ತು ನಡೆಯುತ್ತಿದ್ದರೇ?

ಉತ್ತರ: ಅಂಥ ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಪತ್ರವನ್ನು ನಾನು ಗಡಿಯಾರ ಎದುರಿಗಿಟ್ಟುಕೊಂಡು ಓದಿದೆ. ರಾತ್ರಿ ಎಂಟರಿಂದ ಬೆಳಗಿನ ಮೂರರವರೆಗೆ ಏಳು ಗಂಟೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ನಿಮ್ಮ ಹಳ್ಳಿಯ ರಸ್ತೆಯನ್ನೂ ಸೇರಿಸಿ ದಾರಿಗೆ ಎರಡೂವರೆ ಗಂಟೆ ಅಂತಿಟ್ಟುಕೊಳ್ಳೋಣ. ಉಳಿದ ನಾಲ್ಕೂವರೆ ಗಂಟೆ ಹೋಗಿದ್ದು ದಾರಿಯಲ್ಲಿ ಅಲ್ಲ. ರಕ್ತದ ಹೆಪ್ಪು ಕರಗಿಸುವ ಆ ಇಂಜೆಕ್ಷನ್‌ಗೆ, ಲಕ್ವ ಶುರುವಾದ ಹೊತ್ತಿನಿಂದ, ಇರುವ ಗಡುವು ಕೂಡ ನಾಲ್ಕೂವರೆ ಗಂಟೆಯೇ.

ತಪ್ಪು ನಿಮ್ಮದು ಅಂತ ಹೇಳುತ್ತಿಲ್ಲ. ಎದೆನೋವಿಗೆ ಹೆದರುವಷ್ಟು ನಾವು ಲಕ್ವಕ್ಕೆ ಹೆದರುವುದಿಲ್ಲ. ನೋವೇ ಇಲ್ಲವಲ್ಲ! ಕೈ ಜೋಮು ಹಿಡಿದಿರಬೇಕು, ಪಿತ್ತ ಆಗಿರಬೇಕು, ಬೆಳಗ್ಗೆ ನೋಡೋಣ ಅಂದುಕೊಳ್ಳುತ್ತೇವೆ. ಆದರೆ ಮಿದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ.

ಲಕ್ವ ಹೊಡೆದವರ ಪೈಕಿ ಹೆಚ್ಚಿನವರಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರುತ್ತದೆ. ಉಳಿದವರಲ್ಲಿ ನಾಳ ಒಡೆದು ರಕ್ತ ಸೋರಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಎಷ್ಟೇ ಅನುಭವಿ ಡಾಕ್ಟರ್ ಆದರೂ ಬರೀ ನಾಡಿ ಹಿಡಿದು, ಬಿ.ಪಿ. ನೋಡಿ ಹೇಳಲಿಕ್ಕೆ ಬರುವುದಿಲ್ಲ. ಮಿದುಳಿನ ಒಳಗಿನ ಚಿತ್ರ ತೆಗೆಯುವ ಸಿ.ಟಿ. ಸ್ಕ್ಯಾನೇ ಹೇಳಬೇಕು. ಅದಕ್ಕೇ ಸಿ.ಟಿ. ಆಗುವ ಮೊದಲು ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ರಕ್ತ ಸೋರುತ್ತಿದ್ದರೆ ಅದು ಉರಿಯುವ ಬೆಂಕಿಗೆ ಎಣ್ಣೆ ಸುರಿದ ಹಾಗೆ. ಬಿ.ಪಿ.ಯನ್ನು ಗಡಿಬಿಡಿಯಲ್ಲಿ ಇಳಿಸುವುದೂ ಒಳ್ಳೆಯದಲ್ಲ. ನಾಳ ಕಟ್ಟಿಕೊಂಡಿದ್ದಾಗ ಆ ಏರಿದ ಒತ್ತಡದಿಂದಲೇ ಮಿದುಳಿನ ಪೆಟ್ಟು ಬಿದ್ದ ಭಾಗದ ಅಂಚಿಗೆ ಅಷ್ಟಿಷ್ಟು ರಕ್ತ ಮುಟ್ಟುತ್ತಿರುತ್ತದೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ವಕ್ಕೆ ಕೆಲಸ ಮಾಡುತ್ತದೆ ಎಂದು ಅಮೆರಿಕದ ಅಧ್ಯಯನ ತೋರಿಸಿದ್ದು 1995ರಲ್ಲಿ. ಆಗ ಗಡುವು ಮೂರು ಗಂಟೆ. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆಗೆ ಎಳೆಯಿತು. ಹಾಗಂತ ನಾಲ್ಕು ಗಂಟೆಗೆ ಮುಟ್ಟಿದರೂ ಸಾಕು ಎಂದು ನಿಧಾನ ಮಾಡುವಂತಿಲ್ಲ. ಇಂಜೆಕ್ಷನ್ ಇಲ್ಲದೆಯೂ ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಮೂರು ಗಂಟೆಯೊಳಗೆ ಕೊಟ್ಟರೆ ಅವರ ಜೊತೆ ನೂರಕ್ಕೆ ಇನ್ನೂ ಹತ್ತು ಮಂದಿ ಸೇರುತ್ತಾರೆ. ಮೂರು ದಾಟಿ ನಾಲ್ಕೂವರೆಯೊಳಗೆ ಕೊಟ್ಟರೆ ಆ ಹತ್ತು ಐದಾಗುತ್ತದೆ. ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಲ್ಲೇ ಇದೆ. ಬೇಗ ಮುಟ್ಟಿದ್ದರೆ ಅಪ್ಪನಿಗೆ ಅವಕಾಶ ಹೆಚ್ಚುತ್ತಿತ್ತು. ನಡೆದೇ ನಡೆಯುತ್ತಿದ್ದರು ಎಂದು ಯಾರೂ ಬರೆದುಕೊಡಲಾರರು. ಆ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಬೇಡಿ.

ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ನಾಳದಿಂದ ತಂತಿ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆಯೂ ಇದೆ. ಸಾಮಾನ್ಯವಾಗಿ ಆರು ಗಂಟೆಯೊಳಗೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. ಆದರೆ ಇಂಜೆಕ್ಷನ್ನನ್ನು ಹತ್ತಿರದಲ್ಲೇ ಕೊಟ್ಟು ಆಮೇಲೆ ಅಲ್ಲಿಗೆ ಕಳಿಸಬಹುದು. ಹಾಗಾಗಿ ನೀವು ಕೇಳಬೇಕಾದದ್ದು "ದೊಡ್ಡ ಆಸ್ಪತ್ರೆ ಎಲ್ಲಿದೆ" ಅಂತಲ್ಲ. "ರಾತ್ರಿಯೂ ಸಿ.ಟಿ. ಮಾಡಿ, ಈ ಇಂಜೆಕ್ಷನ್ ಕೊಡುವ ಜಾಗ ನಮಗೆ ಯಾವುದು ಹತ್ತಿರ" ಅಂತ. ಇದನ್ನು ಆರೋಗ್ಯವಾಗಿರುವಾಗಲೇ ಒಂದು ದಿನ ವಿಚಾರಿಸಿ, ಅಲ್ಲಿಯ ಫೋನ್ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಇನ್ನೊಂದು ಮಾತು. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ ಲೆಕ್ಕ ಶುರುವಾಗುವುದು ಎದ್ದ ಹೊತ್ತಿನಿಂದಲ್ಲ, ಕೊನೆಯ ಸಲ ಸರಿ ಇದ್ದದ್ದನ್ನು ನೀವು ನೋಡಿದ ಹೊತ್ತಿನಿಂದ. ಆ ಹೊತ್ತನ್ನು ಸರಿಯಾಗಿ ಹೇಳುವವರೊಬ್ಬರು ರೋಗಿಯ ಜೊತೆಗೇ ಬರಲಿ.

ಪ್ರಶ್ನೆ: ನಮ್ಮ ಭಾವ ಜರ್ಮನಿಯಲ್ಲಿದ್ದಾರೆ. ಅಲ್ಲಿ ಆಂಬುಲೆನ್ಸ್‌ನಲ್ಲೇ ಸಿ.ಟಿ. ಮಾಡುತ್ತಾರಂತೆ. ನಾವು ಕಾರವಾರದವರು. ಏನಾದರೂ ಆದರೆ ಗೋವಾಕ್ಕೋ ಮಣಿಪಾಲಕ್ಕೋ ಎಂಬ ಚರ್ಚೆಯಲ್ಲೇ ಅರ್ಧ ಗಂಟೆ ಹೋಗುತ್ತದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ದಕ್ಷಿಣದ ದಾರಿ ಬಂದ್, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆಯೇ ಬಿತ್ತು. ಅಂಥ ಆಂಬುಲೆನ್ಸ್ ನಮಗೆ ಯಾವಾಗ?

ಉತ್ತರ: ಭಾವ ಹೇಳಿದ್ದು ನಿಜ. ಜರ್ಮನಿಯ ಹೊಂಬುರ್ಗ್‌ನಲ್ಲಿ 2008ರಿಂದಲೇ ಅಂಥ ವಾಹನ ಓಡಿದೆ. ನಮ್ಮ ದೇಶದಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಅಸ್ಸಾಂನಲ್ಲಿ ಓಡಿಸಿದೆ. ಆದರೆ ನನ್ನನ್ನು ಕೇಳಿದರೆ ನಾವು ಮೊದಲು ನಕಲು ಮಾಡಬೇಕಾದದ್ದು ಅದನ್ನಲ್ಲ.

ಫಿನ್ಲೆಂಡ್‌ನ ಹೆಲ್ಸಿಂಕಿಯ ಆಸ್ಪತ್ರೆಯೊಂದರಲ್ಲಿ 1998ರಲ್ಲಿ ರೋಗಿ ಬಾಗಿಲು ದಾಟಿದ ಮೇಲೆ ಇಂಜೆಕ್ಷನ್ ಬೀಳಲು ಸುಮಾರು 105 ನಿಮಿಷ ಹಿಡಿಯುತ್ತಿತ್ತು. 2011ರ ಹೊತ್ತಿಗೆ ಅದು 20 ನಿಮಿಷಕ್ಕೆ ಇಳಿಯಿತು. ಮಾಡಿದ್ದೇನು ಗೊತ್ತಾ? ಆಂಬುಲೆನ್ಸ್‌ನವರು ದಾರಿಯಿಂದಲೇ ಫೋನ್ ಮಾಡುವುದು. ರೋಗಿಯ ಹಳೆಯ ಕಾಗದಪತ್ರ ಅಷ್ಟರಲ್ಲಿ ತೆಗೆದಿಡುವುದು. ವಾರ್ಡಿಗೆ ಒಯ್ಯದೆ ಅದೇ ಸ್ಟ್ರೆಚರ್‌ನಲ್ಲಿ ನೇರ ಸಿ.ಟಿ. ಕೋಣೆಗೆ ನುಗ್ಗುವುದು. ಇಂಜೆಕ್ಷನ್ ಅಲ್ಲೇ ಕೊಡುವುದು. ಇದಕ್ಕೆಲ್ಲ ಕೋಟಿ ರೂಪಾಯಿ ಬೇಡ, ಅಲ್ವಾ? ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಸಿ.ಟಿ. ಯಂತ್ರ ಚೆನ್ನಾಗಿಯೇ ಇತ್ತು. ಒಂದು ರಾತ್ರಿ ಆ ಕೋಣೆಯ ಕೀಲಿಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲೇ ನಲವತ್ತು ನಿಮಿಷ ಹೋಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಹಿಮಾಚಲ ಪ್ರದೇಶ. ಅಲ್ಲೂ ಘಟ್ಟ, ಅಲ್ಲೂ ಮಳೆಗೆ ಗುಡ್ಡ ಜರಿಯುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಿ.ಟಿ. ಇತ್ತು, ನರರೋಗ ತಜ್ಞರು ಇರಲಿಲ್ಲ. 2014ರಲ್ಲಿ ಅವರು ಒಂದು ವ್ಯವಸ್ಥೆ ಶುರು ಮಾಡಿದರು. ಜಿಲ್ಲೆಯ ಡಾಕ್ಟರ್ ಸ್ಕ್ಯಾನ್ ಚಿತ್ರವನ್ನು ಮೊಬೈಲ್‌ನಲ್ಲಿ ದೂರದ ತಜ್ಞರಿಗೆ ಕಳಿಸುವುದು, ಅವರು ನೋಡಿ ಹೂಂ ಅಂದರೆ ಅಲ್ಲೇ ಇಂಜೆಕ್ಷನ್ ಕೊಡುವುದು. ಔಷಧ ಸರ್ಕಾರದ್ದು, ರೋಗಿಗೆ ಉಚಿತ. ತಜ್ಞರು ಗುಡ್ಡ ಹತ್ತಲಿಲ್ಲ, ಚಿತ್ರ ಇಳಿದು ಬಂತು.

ಕರ್ನಾಟಕದಲ್ಲಿ ಹೃದಯಾಘಾತಕ್ಕೆ ಇದೇ ದಾರಿ ಆಗಲೇ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇ.ಸಿ.ಜಿ. ದೂರದ ತಜ್ಞರಿಗೆ ಹೋಗುತ್ತದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಲಕ್ವಕ್ಕೂ ಅದೇ ಔಷಧ ಬಳಸುತ್ತಾರೆ, ಪ್ರಮಾಣ ಮಾತ್ರ ಬೇರೆ. ಒಂದು ವ್ಯತ್ಯಾಸ ದೊಡ್ಡದು. ಹೃದಯಕ್ಕೆ ಇ.ಸಿ.ಜಿ. ಸಾಕು, ಇಲ್ಲಿ ಸಿ.ಟಿ. ಆಗದೆ ಮುಟ್ಟುವಂತಿಲ್ಲ. ಆದ್ದರಿಂದ ದೊಡ್ಡ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಮನವಿ ಕೊಡಲು ಹೋದಾಗ ಇನ್ನೊಂದು ಕಾಗದವನ್ನೂ ಕೊಡಿ: ಕರಾವಳಿಯಲ್ಲೂ ಘಟ್ಟದ ಮೇಲೂ ಇರುವ ಸಿ.ಟಿ.ಗಳು ಇಪ್ಪತ್ನಾಲ್ಕು ಗಂಟೆ ನಡೆಯಲಿ, ಚಿತ್ರ ನೋಡಲು ತಜ್ಞರೊಬ್ಬರು ಫೋನಿನಲ್ಲಿ ಸಿಗಲಿ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜೇ ಇದೆ. ಹಾಗಾಗಿ ಗೋವಾವೋ ಮಣಿಪಾಲವೋ ಎಂಬ ಚರ್ಚೆ ಮೊದಲ ಸಿ.ಟಿ. ಆದ ಮೇಲೆ ನಡೆಯಲಿ. ಅಲ್ಲಿಯತನಕ 108ಕ್ಕೆ ಫೋನ್ ಮಾಡಿ "ಲಕ್ವ ಹೊಡೆದಿದೆ, ಸಿ.ಟಿ. ಇರುವಲ್ಲಿಗೆ ಒಯ್ಯಿರಿ" ಎಂದು ಬಿಡಿಸಿ ಹೇಳಿ.

ಪ್ರಶ್ನೆ: ನಾನು ಕರಾವಳಿಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿಗೆ ಬರುವ ಲಕ್ವದ ರೋಗಿಗಳಲ್ಲಿ ಹೆಚ್ಚಿನವರು ಹೊತ್ತು ಮೀರಿಸಿಕೊಂಡೇ ಬರುತ್ತಾರೆ. ಆಮೇಲೆ ನಾವು ಮಾಡುವುದೇನೂ ಉಳಿದಿಲ್ಲ ಅನ್ನಿಸುತ್ತದೆ.

ಉತ್ತರ: ತಂಗಿ, ಈ ವಾರ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ನಿಮ್ಮದು. ಯಾಕೆಂದರೆ ನೀವು ಅಂದುಕೊಂಡದ್ದು ಪೂರ್ತಿ ತಪ್ಪು!

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಫಲಿತಾಂಶ 2011ರಲ್ಲಿ ಬಂತು. ನಡೆಸಿದವರಲ್ಲಿ ಮುಂದಾಳು ಒಬ್ಬ ನರ್ಸ್. ಅರ್ಧದಷ್ಟು ಕಡೆ ನರ್ಸ್‌ಗಳಿಗೆ ಮೂರೇ ಕೆಲಸ ಚೆನ್ನಾಗಿ ಕಲಿಸಿದರು. ಜ್ವರ, ಸಕ್ಕರೆ, ನುಂಗುವುದು. ಮೈ ಬಿಸಿ 37.5 ಡಿಗ್ರಿ ಮುಟ್ಟಿದರೆ ಕಾಯದೆ ಪ್ಯಾರಾಸಿಟಮಾಲ್. ಸಕ್ಕರೆ ಪದೇಪದೇ ನೋಡಿ ಏರಿದರೆ ಇಳಿಸುವುದು. ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸದೆ ಬಾಯಿಗೆ ಏನೂ ಕೊಡದಿರುವುದು. ಮೂರು ತಿಂಗಳ ನಂತರ ಲೆಕ್ಕ ಹಾಕಿದಾಗ ಮಾಮೂಲಿ ಆರೈಕೆಯ ಆಸ್ಪತ್ರೆಗಳಲ್ಲಿ ನೂರಕ್ಕೆ 58 ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದರು. ಈ ಮೂರು ಕೆಲಸ ಕಲಿತಲ್ಲಿ ಅದು 42. ಯಾವ ದುಬಾರಿ ಯಂತ್ರವೂ ಇಲ್ಲದೆ!

ನುಂಗುವ ಪರೀಕ್ಷೆಯ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಹಟ. ನಮ್ಮ ಕಡೆ ರೋಗಿ ಹಾಸಿಗೆ ಮುಟ್ಟುವುದೇ ತಡ, ಮನೆಯವರು ಎಳನೀರು ತರುತ್ತಾರೆ. ಅತ್ತೆ ಫ್ಲಾಸ್ಕಿನಲ್ಲಿ ಗಂಜಿ ತಿಳಿ ತರುತ್ತಾರೆ. ಪ್ರೀತಿಯಿಂದಲೇ ಕುಡಿಸುತ್ತಾರೆ. ಗಂಟಲು ಅರ್ಧ ಸತ್ತಿರುತ್ತದೆ, ಕೆಮ್ಮಲೂ ಬಾರದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂರನೇ ದಿನ ಕಫ, ಜ್ವರ, ನ್ಯುಮೋನಿಯಾ. ಲಕ್ವದಿಂದ ಉಳಿದವರು ಗಂಜಿಯಿಂದ ಹೋಗುತ್ತಾರೆ. ನೆಟ್ಟಗೆ ಕೂರಿಸಿ, ಚಮಚದಲ್ಲಿ ಒಂದೊಂದೇ ಗುಟುಕು ನೀರು ಕೊಟ್ಟು, ಕೆಮ್ಮು ಬರುತ್ತಾ, ದನಿ ಗೊರಗೊರ ಆಗುತ್ತಾ ನೋಡುವ ವಿಧಾನವನ್ನು ನಿಮ್ಮ ಡಾಕ್ಟರ ಹತ್ತಿರ ಸರಿಯಾಗಿ ಕಲಿತುಕೊಳ್ಳಿ. ಅಲ್ಲಿಯವರೆಗೆ ಹಾಸಿಗೆಯ ತಲೆಗೆ "ಬಾಯಿಗೆ ಏನೂ ಕೊಡಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿ. ಅತ್ತೆಗೆ ಸಿಟ್ಟು ಬಂದರೆ ಬರಲಿ.

ಆಮೇಲೆ, ಲಕ್ವದ ರೋಗಿಗಳನ್ನು ವಾರ್ಡಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಮಲಗಿಸದೆ ಒಂದೇ ಮೂಲೆಯ ನಾಲ್ಕು ಹಾಸಿಗೆಗೆ ತನ್ನಿ. ಅವರನ್ನು ನೋಡಿಕೊಳ್ಳುವ ಸಿಬ್ಬಂದಿಯೂ ದಿನಾ ಬದಲಾಗದೆ ಒಂದೇ ತಂಡ ಆಗಿರಲಿ. ಲಕ್ವದ ರೋಗಿಗಳಿಗೇ ಮೀಸಲಾದ ಸ್ಟ್ರೋಕ್ ಯೂನಿಟ್ ಅಂದರೆ ಮೂಲದಲ್ಲಿ ಇಷ್ಟೇ. ಇದರಿಂದ ಮುದುಕರಿಗೂ ಹರೆಯದವರಿಗೂ, ರಕ್ತ ಸೋರಿದವರಿಗೂ ಲಾಭ ಎಂದು ಎಷ್ಟೋ ಅಧ್ಯಯನಗಳು ತೋರಿಸಿವೆ. ಇಂಜೆಕ್ಷನ್ ಕೆಲವರಿಗಷ್ಟೇ ಸಿಗುವಂಥದ್ದು, ಈ ಆರೈಕೆ ಎಲ್ಲರಿಗೂ ಕೊಡಬಹುದಾದದ್ದು.

ಒಂದು ನೋಟ್‌ಬುಕ್ ಕೂಡ ಇಡಿ. ಬಂದ ಹೊತ್ತು, ಸಿ.ಟಿ. ಆದ ಹೊತ್ತು, ನುಂಗುವ ಪರೀಕ್ಷೆ ಆಯಿತೋ ಇಲ್ಲವೋ. ಸ್ವೀಡನ್ 1994ರಿಂದ ಇಡೀ ದೇಶದ ಲಕ್ವದ ರೋಗಿಗಳ ಲೆಕ್ಕ ಹೀಗೆಯೇ ಇಡುತ್ತಿದೆ. ಮೇಲಿನವರ ಹತ್ತಿರ ಏನಾದರೂ ಕೇಳಲು ಹೋದಾಗ ಆ ಪುಸ್ತಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಪ್ರಶ್ನೆ: ಅಂಕೋಲಾ ಕಡೆ ಲಕ್ವಕ್ಕೆ ನಾಟಿ ಔಷಧ ಕೊಡುತ್ತಾರೆ. ಮಾವನನ್ನು ಮೊದಲು ಅಲ್ಲಿಗೇ ಕರೆದೊಯ್ಯಬೇಕೆಂದು ಮನೆಯ ಹಿರಿಯರ ಒತ್ತಾಯ. ಏನು ಹೇಳಲಿ?

ಉತ್ತರ: ಹಿರಿಯರ ಜೊತೆ ಜಗಳ ಬೇಡ. "ಮೊದಲು ಸಿ.ಟಿ., ಆಮೇಲೆ ನೀವು ಹೇಳಿದ ಹಾಗೆ ನೋಡೋಣ" ಅನ್ನಿ. ಮೊದಲ ದಿನ ಎಣ್ಣೆ, ಕಷಾಯ, ಲೇಹ್ಯ ಯಾವುದೂ ಬೇಡ. ಕಷಾಯದ ಅಪಾಯ ಮೇಲೆ ಹೇಳಿದ ಗಂಜಿಯದ್ದೇ. ಮುಂದೆ ನಾಟಿ ಔಷಧ ಶುರು ಮಾಡಿದರೂ ಬಿ.ಪಿ., ಸಕ್ಕರೆ ಮತ್ತು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಡಿ. ಎರಡನೇ ಸಲ ಹೊಡೆದು ಬರುವವರಲ್ಲಿ ಹೀಗೆ ಮಾತ್ರೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಪ್ರಶ್ನೆ: ಭಟ್ಕಳದಿಂದ. ಮೊನ್ನೆ ಅಮ್ಮನ ಬಾಯಿ ಸೊಟ್ಟ ಆಗಿ, ಹತ್ತು ನಿಮಿಷದಲ್ಲಿ ತಾನಾಗಿ ಸರಿಯಾಯಿತು. ಈಗ ಆರಾಮ ಇದ್ದಾರೆ. ಸುಮ್ನೆ ಆಸ್ಪತ್ರೆಗೆ ಯಾಕೆ ಅನ್ನುತ್ತಾರೆ.

ಉತ್ತರ: ಮುಚ್ಚಿದ ನಾಳ ತಾನಾಗಿ ತೆರೆದುಕೊಂಡಿರಬಹುದು. ಮತ್ತೆ ಮುಚ್ಚುವ ಅಪಾಯ ಅತಿ ಹೆಚ್ಚು ಇರುವುದು ಮೊದಲ ಎರಡು ದಿನ, ಆಮೇಲೆ ಆ ವಾರ. ಮೊನ್ನೆಯೇ ಹೋಗಬೇಕಿತ್ತು. ಇದನ್ನು ಓದುವಾಗಲೂ ಹೋಗಿರದಿದ್ದರೆ ಇವತ್ತೇ ಕರೆದೊಯ್ಯಿರಿ. ಮಿದುಳಿನ ಸ್ಕ್ಯಾನ್, ಕುತ್ತಿಗೆಯ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್, ಇ.ಸಿ.ಜಿ., ಬಿ.ಪಿ., ಸಕ್ಕರೆ ಇಷ್ಟನ್ನು ನೋಡುತ್ತಾರೆ. ಅಮ್ಮ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.