ಅಪ್ಪನ ಕೋವಿ, ಹಳೇ ಅಂಗಡಿ

ಪ್ರಶ್ನೆ: ಅಪ್ಪ ತೀರಿಕೊಂಡರು. ಅವರ ಜೋಡಿ ನಳಿಕೆ ಕೋವಿ ಅಟ್ಟದಲ್ಲಿದೆ. ಮಾರಲು ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಅಟ್ಟದಲ್ಲಿ ಸುಮ್ನೆ ಇಡಬೇಡಿ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ, ನಿಮಗಲ್ಲ. ಮೊದಲು ಠಾಣೆಗೆ ತಿಳಿಸಿ. ಅಲ್ಲೋ, ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ತಗೊಳ್ಳಿ. ಆಮೇಲೆ ವಾರಸುದಾರರಾಗಿ ಡಿಸಿ ಕಚೇರಿಗೆ ಅರ್ಜಿ ಹಾಕಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಎರಡೇ ಕೋವಿ.

ನಿಮ್ಮ ಪತ್ರ ಓದಿದ ಮೇಲೆ ತಡೆಯಲಾಗದೆ ತುಮಕೂರಿನ ಆ ಹಳೇ ಅಂಗಡಿಗೆ ಹೋಗಿದ್ದೆ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದಲ್ಲಿ ತಾತ ನನ್ನನ್ನು ಕರೆದುಕೊಂಡು ತೋಟಾ ತರಲು ಬರುತ್ತಿದ್ದ ಅಂಗಡಿ ಅದು. ಯಜಮಾನರಿಗೆ ಈಗ ಕೈ ನಡುಗುತ್ತೆ. ಆದರೆ ರಿಪೇರಿಗೆ ಬಂದಿದ್ದ ಕೋವಿಯೊಂದನ್ನು ಹಿಡಿದಾಗ ನಡುಕ ನಿಂತಿತು! ಮಡಚಿ, ತೋಟಾ ಇಲ್ಲವೆಂದು ಬೆರಳಿಟ್ಟು ನೋಡಿ, ನಳಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದರು. "ಒಳಗೆ ತುಕ್ಕು, ಎಣ್ಣೆ ಕಂಡು ವರ್ಷಗಳಾಗಿವೆ" ಅಂದರು. ತಾತನ ಹೆಸರು ಹೇಳಿದೆ. ದಪ್ಪ ಲೆಡ್ಜರ್ ತೆಗೆದು, ಹಾಳೆ ತಿರುವಿ, ತಾತನ ಸಹಿ ತೋರಿಸಿದರು. ನನಗೆ ಮಾತೇ ಹೊರಡಲಿಲ್ಲ.

ನಿಮ್ಮ ಅಪ್ಪನ ಸಹಿಯೂ ಎಲ್ಲೋ ಹೀಗೇ ಇರಬಹುದು ಅಲ್ವಾ? ರಸೀದಿ ತರಲು ಹೋದಾಗ ಕೇಳಿ ನೋಡಿ.